ಮೀನಿನ ಮೇಜಿಗೆ ಸಸ್ಯಾಹಾರಿಯೂ ಬರಲಿ

ಕೆಲಸಕ್ಕೆಂದು ಹಾಂಗ್‌ಕಾಂಗ್‌ಗೆ ಬರುವ ನಮ್ಮ ಕಡೆಯ ಸಸ್ಯಾಹಾರಿಗಳಿಗೆ ಒಂದು ಚಾಳಿಯಿದೆ. ಬಂದಿಳಿದ ಸಂಜೆಯೇ ಚಿಮ್ ಶಾ ಚೂಯಿಯ ಚುಂಗ್‌ಕಿಂಗ್ ಮ್ಯಾನ್ಷನ್ಸ್ ಹುಡುಕಿಕೊಂಡು ಹೋಗಿ ಪನೀರ್ ಬಟರ್ ಮಸಾಲ ತಿನ್ನುತ್ತಾರೆ. ಮಾರನೆಯ ದಿನವೂ ಅದೇ. ಆಫೀಸಿನ ಚೀನೀ ಗೆಳೆಯರು ಊಟಕ್ಕೆ ಕರೆದರೆ ‘ನಾನು ವೆಜ್’ ಎಂದು ಜಾರಿಕೊಳ್ಳುತ್ತಾರೆ. ನಾನೂ ವೆಜ್ಜೇ. ತೀರ್ಥಹಳ್ಳಿ ಕಡೆಯವಳು, ಮೊಟ್ಟೆಯನ್ನೂ ಮುಟ್ಟದವಳು. ಆದರೂ ಹೇಳುತ್ತೇನೆ, ಅದು ಬರೀ ನೆಪ.

ಮೊನ್ನೆ ಶಾಮ್ ಶುಯಿ ಪೋದ ಒಂದು ಸಾಧಾರಣ ಕ್ಯಾಂಟನೀಸ್ ಹೋಟೆಲಿನಲ್ಲಿ ಗೆಳೆಯರ ಜೊತೆ ಕೂತಿದ್ದೆ. ಟಿವಿಯ ಗದ್ದಲ, ಅದಕ್ಕಿಂತ ಜೋರಾಗಿ ಕೂಗುವ ಸಪ್ಲೈಯರ್. ಮೊದಲು ಬಂದದ್ದು ಕೆಟಲ್ ತುಂಬಾ ಬಿಸಿ ಟೀ. ಅದರಲ್ಲೇ ಎಲ್ಲರೂ ಲೋಟ, ಬಟ್ಟಲು, ಚಾಪ್‌ಸ್ಟಿಕ್ ತೊಳೆದುಕೊಂಡೆವು. ಬಾಳೆಲೆಗೆ ನೀರು ಚಿಮುಕಿಸಿ ಒರೆಸಿಕೊಂಡು ಬೆಳೆದವಳಿಗೆ ಇದೇನು ದೊಡ್ಡ ವಿಷಯ? ಪಕ್ಕದವರು ಟೀ ಬಗ್ಗಿಸಿದಾಗ ಬೆರಳ ತುದಿಯಿಂದ ಮೇಜು ತಟ್ಟಿದರೆ ಥ್ಯಾಂಕ್ಸ್ ಹೇಳಿದಂತೆ. ಹರಟೆ ನಿಲ್ಲಿಸಬೇಕಾಗಿಲ್ಲ.

ಇಲ್ಲಿ ಯಾರೂ ತನಗೊಂದು ಪ್ಲೇಟ್ ಎಂದು ಆರ್ಡರ್ ಮಾಡುವುದಿಲ್ಲ. ಮೆನು ಒಬ್ಬರ ಕೈಗೆ ಹೋಗುತ್ತದೆ, ಐದಾರು ಪದಾರ್ಥ ಮೇಜಿನ ನಡುವೆ ಬರುತ್ತವೆ. ಸಸ್ಯಾಹಾರಿಗೆ ಜಾಗ ಸಿಗುವುದು ಇದರಿಂದಲೇ. ಅದರಲ್ಲಿ ಎರಡು ನಿಮ್ಮದಾದರೆ ಹೊಟ್ಟೆ ತುಂಬಿತು. ನಮ್ಮ ಮೇಜಿಗೆ ಉಪ್ಪು, ಮೆಣಸಿನಕಾಯಿ, ಬೆಳ್ಳುಳ್ಳಿ ಹಾಕಿ ಕರಿದ ತೋಫು ಬಂತು, ಚೋಯ್ ಸಮ್ ಸೊಪ್ಪು ಬಂತು. ದೊಡ್ಡ ಉರಿಯ ಮೇಲೆ ಕ್ಷಣದಲ್ಲಿ ಬಾಡಿಸಿದ ಸೊಪ್ಪು. ಎಲೆ ಮೆತ್ತಗೆ, ದಂಟು ಕರುಂ. ನಮ್ಮ ಮನೆಗಳಲ್ಲಿ ಸೊಪ್ಪನ್ನು ಬೇಯಿಸಿ ಬೇಯಿಸಿ ಕೊಲ್ಲುತ್ತೇವೆ, ಕ್ಷಮಿಸಿ.

ಎಚ್ಚರ ಬೇಕಾದದ್ದು ಆಯಿಸ್ಟರ್ ಸಾಸ್ ವಿಷಯದಲ್ಲಿ. 1888ರಲ್ಲಿ ಗ್ವಾಂಗ್‌ಡಾಂಗ್‌ನ ನಾನ್‌ಶುಯಿಯಲ್ಲಿ ಲೀ ಕುಮ್ ಶುಂಗ್ ಎಂಬಾತ ಸಮುದ್ರದ ಸಿಂಪಿ ಕುದಿಸಿ ತಯಾರಿಸಿದ ಈ ಕಂದು ರಸವನ್ನು ಸೊಪ್ಪಿನ ಮೇಲೆ ಸುರಿಯುವುದು ಮಾಮೂಲು. ‘ಬರೀ ತರಕಾರಿ’ ಎಂದರೂ ಬರುತ್ತದೆ. ಹೆಸರು ಹಿಡಿದೇ ಬೇಡ ಎನ್ನಬೇಕು. ಸೂಪು ಬಿಟ್ಟುಬಿಡಿ, ಅದರಲ್ಲಿ ಮೂಳೆ ಇದ್ದೇ ಇರುತ್ತದೆ. ಬಾಣಲೆಯೂ ಬೇರೆಯೇ ಆಗಬೇಕು ಎನ್ನುವವರಿಗೆ ಬೌದ್ಧರ ಸಸ್ಯಾಹಾರಿ ಹೋಟೆಲುಗಳಿವೆ. ಅವರ ಜೊತೆ ನನ್ನ ಜಗಳವಿಲ್ಲ.

ಇನ್ನು ಎಂಜಲಿನ ಭಯ. 2003ರಲ್ಲಿ ಸಾರ್ಸ್ ಈ ಊರಿನ 299 ಜನರನ್ನು ಬಲಿ ತೆಗೆದುಕೊಂಡ ಮೇಲೆ ಬಡಿಸಿಕೊಳ್ಳಲು ಬೇರೆ ಚಾಪ್‌ಸ್ಟಿಕ್ ಇಡುವ ರೂಢಿ ಹೆಚ್ಚಿತು. ಮಡಿ ಅಜ್ಜಿಗೂ ತಕರಾರಿರದು.

ನಡುವೆ ಇಡೀ ಮೀನೂ ಇತ್ತು. ಹಬೆಯಲ್ಲಿ ಬೆಂದದ್ದು, ಮೇಲೆ ಎಳೆ ಎಳೆ ಶುಂಠಿ, ಈರುಳ್ಳಿ ಸೊಪ್ಪು, ಚುರ್ರೆನ್ನುವ ಎಣ್ಣೆ. ಒಂದು ಬದಿ ಮುಗಿದಾಗ ಗೆಳತಿ ಅದನ್ನು ಮಗುಚಲಿಲ್ಲ. ಮಗುಚಿದರೆ ದೋಣಿ ಮಗುಚುತ್ತದೆಂದು ಮೀನುಗಾರರ ನಂಬಿಕೆಯಂತೆ. ಮೂಳೆ ಎತ್ತಿಟ್ಟು ಕೆಳಗಿನದನ್ನು ತೆಗೆದಳು. ಪಕ್ಕದಲ್ಲೇ ನಾನು ತೋಫು ತಿನ್ನುತ್ತಿದ್ದೆ. ನನಗೇನೂ ಆಗಲಿಲ್ಲ. ಊರಿನಲ್ಲಿ ಮೀನು ತಿನ್ನುವ ಗೆಳೆಯರ ಮನೆಗೆ ಹೋಗಿ ಕಾಫಿ ಕುಡಿದು, ಆ ಕಾಫಿಗೂ ಹಿಂದೆಮುಂದೆ ನೋಡಿ ಬರುತ್ತೇವಲ್ಲ, ಆ ಅಭ್ಯಾಸವೇ ಪಾಸ್‌ಪೋರ್ಟ್ ಮಾಡಿಸಿಕೊಂಡು ಇಲ್ಲಿಗೂ ಬಂದಿದೆ. ಅದಕ್ಕೆ ನಾಲಿಗೆಯ ರುಚಿಯನ್ನು ದೂರಬೇಡಿ.

ಬಿಲ್ಲು ಬಂದಾಗ ‘ನೀನು ಮೀನು ತಿನ್ನಲಿಲ್ಲ, ಕಮ್ಮಿ ಕೊಡು’ ಎಂದರು. ಒಪ್ಪದೆ ಸಮಪಾಲೇ ಕೊಟ್ಟೆ. ಕೊನೆಯಲ್ಲಿ ಪುಕ್ಕಟೆ ಬಂದ, ಕಿತ್ತಳೆ ಸಿಪ್ಪೆಯ ಘಮದ ಕೆಂಪು ಕಾಳಿನ ಸಿಹಿ ಮಾತ್ರ ಇನ್ನೊಂದು ಬಟ್ಟಲು ಕೇಳಿ ವಸೂಲಿ ಮಾಡಿಕೊಂಡೆ.