ಟ್ರಂಕು ತೆರೆಯಿರಿ, ತೂತಿನ ದುಡ್ಡು ತನ್ನಿ

ನಾಗಣಸೂರ, ಬೋರೋಟಿ, ತೋಳನೂರ, ಹನ್ನೂರ, ಜೇವೂರ, ದುಧನಿ, ಮೈಂದರ್ಗಿ ಹಾಗೂ ಸುತ್ತಲಿನ ಎಲ್ಲ ಹಳ್ಳಿಗಳ ಹಿರಿಯರೇ, ತಾಯಂದಿರೇ, ಶಾಲೆಯ ಮಕ್ಕಳೇ,

ನಡುವೆ ದೊಡ್ಡ ತೂತಿರುವ ಕಾಲಾಣೆಯ ದುಡ್ಡು ನಿಮ್ಮ ಮನೆಯಲ್ಲಿ ಒಂದಾದರೂ ಇದ್ದೀತು. ದೇವರ ಜಗಲಿಯ ಮೇಲೋ, ಅಜ್ಜಿಯ ಗಂಟಿನಲ್ಲೋ, ಹಳೆಯ ಟ್ರಂಕಿನ ತಳದಲ್ಲೋ ಹುಡುಕಿ. ಕೂಸಿನ ಉಡದಾರಕ್ಕೆ ಅದನ್ನು ಕಟ್ಟಿದ್ದನ್ನು ಹಿರಿಯರು ಕಂಡಿದ್ದಾರೆ. ಆ ತೂತನ್ನು ಕೊರೆದದ್ದು ಯುದ್ಧ. ಎರಡನೆಯ ಮಹಾಯುದ್ಧದಲ್ಲಿ ತೋಟಾಕ್ಕೆ ತಾಮ್ರ ಬೇಕಾಯಿತು, ತಂತಿಗೆ ತಾಮ್ರ ಬೇಕಾಯಿತು. ಬಡವರ ಕೈಯಲ್ಲಿ ಓಡಾಡುವ ದುಡ್ಡಿನ ನಡುಭಾಗವನ್ನೇ ಕತ್ತರಿಸಿ ಲೋಹ ಉಳಿಸಿದರು. 1943ರಿಂದ 1947ರವರೆಗೆ ಈ ದುಡ್ಡು ಅಚ್ಚಾಯಿತು. ಅದಕ್ಕೂ ಮೊದಲು, 1940ರಲ್ಲಿ, ರೂಪಾಯಿಯ ಬೆಳ್ಳಿಯನ್ನು ಅರ್ಧಕ್ಕಿಳಿಸಿ ಒಂದು ರೂಪಾಯಿಯ ಕಾಗದದ ನೋಟು ತಂದಿದ್ದರು. ಎಲ್ಲೋ ಸಮುದ್ರದಾಚೆ ನಡೆದ ಯುದ್ಧ ನಮ್ಮ ಊರಿನ ಸಂತೆಗೆ ಹೀಗೆ ಬಂತು.

ಆ ದುಡ್ಡನ್ನು ಕೈಯಲ್ಲಿ ಹಿಡಿದು ಈ ಕರಪತ್ರ ಓದಿ. ಸೊಲ್ಲಾಪುರದ ಬಟ್ಟೆ ಗಿರಣಿಗೆ ದುಡಿಯಲು ಹೋದ ನಮ್ಮ ಅಜ್ಜ ಮುತ್ತಜ್ಜಂದಿರ ಯುದ್ಧಕಾಲದ ಕಥೆಯನ್ನು ನಮಗೆ ತಿಳಿದಂತೆ ಯಾರೂ ಕನ್ನಡದಲ್ಲಿ ಬರೆದಿಟ್ಟಿಲ್ಲ. ಅದನ್ನು ಈ ವರ್ಷವೇ ಬರೆದಿಡಬೇಕು. ನಮ್ಮ ಬೇಡಿಕೆ ಇಷ್ಟೇ.

ನಾಗಣಸೂರದ ಸ್ಟೇಶನ್ನಿನಿಂದ ಅಕ್ಕಲಕೋಟ ರೋಡ, ತಿಲಾಟಿ, ಹೊಟಗಿ ದಾಟಿದರೆ ಸೊಲ್ಲಾಪುರ. 1871ರಲ್ಲಿ ಮುಂಬೈ–ಮದ್ರಾಸು ಹಳಿ ರಾಯಚೂರಿನಲ್ಲಿ ಕೂಡಿದಾಗಿನಿಂದ ಈ ಭಾಗದ ದುಡಿಯುವ ಜನಕ್ಕೆ ಅದೇ ದಾರಿ. ಮುರಾರಜಿ ಗೋಕುಳದಾಸರು 1874ರಲ್ಲಿ ಸ್ಥಾಪಿಸಿದ ಸೊಲ್ಲಾಪುರ ಸ್ಪಿನ್ನಿಂಗ್ ಆಂಡ್ ವೀವಿಂಗ್ ಕಂಪನಿಯನ್ನು ಊರವರು ‘ಹಳಿ ಗಿರಣಿ’, ಅಂದರೆ ಹಳೆಯ ಗಿರಣಿ, ಎಂದರು. ಅದರ ಬೆನ್ನಿಗೆ ಲಕ್ಷ್ಮಿ, ನರಸಿಂಗಗಿರಜಿ, ವಿಷ್ಣು, ಜಾಮ ಗಿರಣಿಗಳು ಎದ್ದವು. ಬರ ಬಿದ್ದ ವರ್ಷ ಎತ್ತು ಮಾರಿ ಬಂದವರು, ಹೊಲ ಸಾಲದಲ್ಲಿ ಹೋದವರು, ತೆಲುಗಿನ ನೇಕಾರರು, ಮರಾಠಿಗರು, ಕನ್ನಡಿಗರು ಗಿರಣಿಯ ಒಂದೇ ಭೋಂಗಾ (ಸೈರನ್) ಕೇಳಿ ಎದ್ದರು. “ನಮ್ಮಜ್ಜ ಗಿರಣ್ಯಾಗ ಇದ್ದ” ಎನ್ನುವ ಮಾತು ಈ ಭಾಗದ ಯಾವ ಓಣಿಯಲ್ಲಿ ಕೇಳಿಬರುವುದಿಲ್ಲ ಹೇಳಿ?

ಮೊದಲ ಯುದ್ಧದ ಮಾತು ಸ್ವಲ್ಪ ಹೇಳಬೇಕು, ಏಕೆಂದರೆ ಎರಡನೆಯದರಲ್ಲಿ ಅದೇ ಕಥೆ ದೊಡ್ಡದಾಗಿ ಮರಳಿತು. 1914ರಲ್ಲಿ ಜರ್ಮನಿಯ ಬಣ್ಣ ಬರುವುದು ನಿಂತಿತು. ಇಂಗ್ಲೆಂಡಿನ ಯಂತ್ರಗಳೂ ಬಿಡಿಭಾಗಗಳೂ ದುರ್ಲಭವಾದವು. ಅದೇ ಹೊತ್ತಿಗೆ ಲಂಕಾಶೈರಿನ ಬಟ್ಟೆ ತರುವ ಹಡಗುಗಳೂ ಕಡಿಮೆಯಾಗಿ ಇಲ್ಲಿನ ಗಿರಣಿಗಳಿಗೆ ಸುಗ್ಗಿ ಬಂತು. 1917ರಲ್ಲಿ ಭಾರತದ ಖಜಾನೆಯಿಂದ ಬ್ರಿಟನ್ನಿಗೆ 10 ಕೋಟಿ ಪೌಂಡಿನ ಯುದ್ಧಕಾಣಿಕೆ ಹೋಯಿತು. ಕೊಟ್ಟವರು ಯಾರು? ತೆರಿಗೆ ತುಂಬುವ ರೈತ, ತುಟ್ಟಿಯ ಬಟ್ಟೆ ಕೊಂಡ ಬಡವ. ಆ ಹೊರೆ ಹೊರಲು ವಿದೇಶಿ ಬಟ್ಟೆಯ ಸುಂಕವನ್ನು ಶೇ. 7.5ಕ್ಕೆ ಏರಿಸಿದರು. ಇಲ್ಲಿಯೇ ನೇಯ್ದ ಗಿರಣಿ ಬಟ್ಟೆಯ ಮೇಲೆ 1896ರಿಂದ ಹಾಕಿದ್ದ ಶೇ. 3.5ರ ಸುಂಕವನ್ನು ಮಾತ್ರ 1925ರ ಡಿಸೆಂಬರಿನವರೆಗೂ ಎತ್ತಲಿಲ್ಲ. ಗಿರಣಿಗೆ ಲಾಭ ಬಂತು. ಪಗಾರ ಮಾತ್ರ ಜೋಳದ ಬೆಲೆಯ ಹಿಂದೆ ಓಡಿ ಓಡಿ ಸೋತಿತು. 1920ರ ಜನವರಿ ಕೊನೆಯಲ್ಲಿ ಸೊಲ್ಲಾಪುರದ ಸುಮಾರು 16,000 ಕಾಮಗಾರರು ಕೆಲಸ ನಿಲ್ಲಿಸಿದರು. ಫೆಬ್ರುವರಿ ನಡುವಿನವರೆಗೆ ಸಂಪು ನಡೆಯಿತು. ಅವರಲ್ಲಿ ನಮ್ಮ ಊರಿನವರು ಯಾರಿದ್ದರು? ಒಂದು ಹೆಸರಾದರೂ ನಮ್ಮ ಬಳಿ ಬರೆದಿಟ್ಟಿದೆಯೇ?

1939ರ ಸೆಪ್ಟೆಂಬರ್ 3. ನಮ್ಮನ್ನು ಒಂದು ಮಾತು ಕೇಳದೆ ವೈಸರಾಯ್ ಲಿನ್ಲಿಥ್ಗೋ ಭಾರತವನ್ನು ಯುದ್ಧಕ್ಕೆ ಎಳೆದರು. ಆಗ ಅಕ್ಕಲಕೋಟ ಸಂಸ್ಥಾನ, ಸೊಲ್ಲಾಪುರ ಮುಂಬೈ ಪ್ರಾಂತ, ಹಳಿ ಹಿಡಿದು ಮುಂದೆ ಹೋದರೆ ಕಲಬುರ್ಗಿ ನಿಜಾಮನದು. ಮೂರು ಆಡಳಿತ, ಬರ ಒಂದೇ. ದೇಶದ ಗಿರಣಿಗಳು ಖಾಕಿ, ಡೇರೆಯ ಬಟ್ಟೆ ನೇಯತೊಡಗಿದವು. ಜಪಾನು ಯುದ್ಧಕ್ಕೆ ಇಳಿದ ಮೇಲೆ ಅಲ್ಲಿನ ಬಟ್ಟೆಯೂ ಬರಲಿಲ್ಲ, ದಖ್ಖನದ ಗಿಡ್ಡ ಎಳೆಯ ಹತ್ತಿ ಕೊಳ್ಳುತ್ತಿದ್ದ ದೊಡ್ಡ ಗಿರಾಕಿಯೂ ಹೋದ. ಇದನ್ನು ಒಕ್ಕಲುತನದ ಮನೆಯವರು ನಿಧಾನವಾಗಿ ಓದಬೇಕು: ಹತ್ತಿ ಬೆಳೆದವನಿಗೆ ಪೇಟೆ ಇಲ್ಲ, ಅದೇ ಹೊತ್ತಿಗೆ ಅವನ ಹೆಂಡತಿಗೆ ಉಡಲು ಸೀರೆ ಇಲ್ಲ. 1943ರ ನಡುವಿನ ಹೊತ್ತಿಗೆ ಗಿರಣಿ ಬಟ್ಟೆಯ ಬೆಲೆ ಯುದ್ಧಕ್ಕೆ ಮುಂಚಿನದರ ಐದು ಪಟ್ಟು ಆಗಿತ್ತು. ಪಕ್ಕದ ವಿಜಾಪುರ ಜಿಲ್ಲೆಯಲ್ಲಿ 1942–43ರ ಬರ ಜನರನ್ನು ಹಿಂಡುತ್ತಿತ್ತು. ಬಟ್ಟೆ ಗೋದಾಮಿನಲ್ಲಿ ಅಡಗಿತು, ಕಾಳಸಂತೆಯಲ್ಲಿ ತಲೆ ಎತ್ತಿತು.

ಆಮೇಲೆ 1943ರಲ್ಲಿ ಬಟ್ಟೆ ಮತ್ತು ನೂಲಿನ ನಿಯಂತ್ರಣದ ಆಜ್ಞೆ ಬಂತು. ಗಿರಣಿಯಿಂದ ಹೊರಬೀಳುವ ಬಟ್ಟೆಯ ಮೇಲೆ ಬೆಲೆಯನ್ನೂ ತಿಂಗಳನ್ನೂ ಅಚ್ಚೊತ್ತಬೇಕೆಂದಾಯಿತು. ಅಂಥ ಒಂದು ತುಂಡು, ಅಂಚಿನ ಮೇಲೆ ಅಚ್ಚು ಮಾಸಿದ ಧೋತರವೋ ಕೌದಿಯ ಒಳಗೆ ಹೊಲಿದ ಚಿಂದಿಯೋ ನಿಮ್ಮ ಮನೆಯಲ್ಲಿ ಉಳಿದಿದ್ದರೆ ಅದು ಬಂಗಾರಕ್ಕಿಂತ ಹೆಚ್ಚು. ದಯವಿಟ್ಟು ಒರೆಸಲು ಬಳಸಬೇಡಿ. ಕೈಮಗ್ಗದ ನೇಕಾರರ ಕಥೆ ಇನ್ನೂ ಕಷ್ಟದ್ದು. ನೂಲು ಕೊಡುವವನು ಗಿರಣಿಯವನು, ಗಿರಣಿಗೇ ನೂಲು ಸಾಲದು. ಮಗ್ಗವಿದೆ, ಕೈಯಿದೆ, ನೂಲಿಲ್ಲ. ಕೈಮಗ್ಗ ಮತ್ತು ಗಿರಣಿಗಳ ಸ್ಥಿತಿ ಅರಿಯಲು ಸರ್ಕಾರ 1941ರಲ್ಲಿ ಪಿ. ಜೆ. ಥಾಮಸ್ ಅವರ ಸಮಿತಿ ನೇಮಿಸಿತು. ಮರುವರ್ಷ ವರದಿ ಬಂತು. ವರದಿಯಿಂದ ಯಾರ ಮಗ್ಗಕ್ಕೂ ನೂಲು ಏರಲಿಲ್ಲ.

ಗಿರಣಿಯ ಬಾಯ್ಲರಿಗೂ ರೈಲಿಗೂ ಕಲ್ಲಿದ್ದಲು ಬೇಕಲ್ಲ, ಅದು ಎಲ್ಲಿಂದ ಬಂತು? ಹೆಣ್ಣುಮಕ್ಕಳನ್ನು ಗಣಿಯ ಒಳಗೆ ಇಳಿಸಬಾರದೆಂಬ ನಿಷೇಧ 1937ರಲ್ಲಿ ಪೂರ್ಣವಾಗಿ ಜಾರಿಗೆ ಬಂದಿತ್ತು. ಯುದ್ಧಕ್ಕೆ ಕಲ್ಲಿದ್ದಲು ಸಾಲದಾದಾಗ 1943ರಲ್ಲಿ ಅದನ್ನು ಸಡಿಲಿಸಿ, ಬಿಹಾರ, ಬಂಗಾಲ, ಮಧ್ಯಪ್ರಾಂತದ ತಾಯಂದಿರನ್ನು ಮತ್ತೆ ಕತ್ತಲೆಗೆ ಇಳಿಸಿದರು. 1946ರವರೆಗೆ ಅವರು ಅಲ್ಲಿದ್ದರು. ನಮ್ಮದೇ ಹಳಿಯ ಮೇಲೆ ಮುಂದೆ ಸಿಗುವ ಶಹಾಬಾದದ ಸಿಮೆಂಟೂ ಆಗ ಮನೆ ಕಟ್ಟುವವನಿಗೆ ಸಿಗುವ ವಸ್ತುವಾಗಿರಲಿಲ್ಲ. ವಿಮಾನ ಇಳಿಯುವ ಪಟ್ಟಿ, ಸೈನ್ಯದ ಕಟ್ಟಡ ಮುಗಿದ ಮೇಲೆ ಉಳಿದರೆ ಜನಕ್ಕೆ.

ಯುದ್ಧದಿಂದ ಉದ್ಯಮ ಬೆಳೆಯಿತು ಎನ್ನುವವರಿದ್ದಾರೆ. ಅವರಿಗೆ ಸೊಲ್ಲಾಪುರದವರೇ ಆದ ವಾಲಚಂದ ಹಿರಾಚಂದರನ್ನು ತೋರಿಸೋಣ. 1882ರಲ್ಲಿ ಸೊಲ್ಲಾಪುರದಲ್ಲಿ ಹುಟ್ಟಿದವರು. ಹಡಗು, ಮೋಟಾರು, ವಿಮಾನ ಇಲ್ಲಿಯೇ ಆಗಬೇಕೆಂದು ವರ್ಷಗಟ್ಟಲೆ ಅಲೆದರು. ಯುದ್ಧ ಬಾಗಿಲಿಗೆ ಬಂದ ಮೇಲೆ, ಮೈಸೂರು ಸರ್ಕಾರ ಪಾಲು ಹಾಕಿದ ಮೇಲೆ, 1940ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಹಿಂದುಸ್ತಾನ್ ಏರ್‌ಕ್ರಾಫ್ಟ್ ಕಂಪನಿ ಎದ್ದಿತು. 1942ರಲ್ಲಿ ಭಾರತ ಸರ್ಕಾರ ಅವರ ಪಾಲನ್ನು ಕೊಂಡು ಆಡಳಿತ ತನ್ನ ಕೈಗೆ ತೆಗೆದುಕೊಂಡಿತು. ಮರುವರ್ಷ ಆ ಕಾರ್ಖಾನೆ ಅಮೆರಿಕದ ಸೈನ್ಯದ ವಿಮಾನ ದುರಸ್ತಿಯ ಶೆಡ್ಡಾಯಿತು. ಆಳುವವರಿಗೆ ಬೇಕಾದಾಗ ಉದ್ಯಮ, ಬೇಡವಾದಾಗ ಬೀಗ. ವಸಾಹತಿನ ಉದ್ಯಮ ನಡೆದದ್ದು ಹೀಗೆ.

ಬೀಗದ ಮಾತು ಬಂತು. ಯುದ್ಧದಲ್ಲಿ ದಣಿವಿಲ್ಲದೆ ದುಡಿದ ಯಂತ್ರಗಳಿಗೆ ಹೊಸ ಬಿಡಿಭಾಗ ಬರಲಿಲ್ಲ. ಲಾಭದ ಹಣವನ್ನು ಯಂತ್ರಕ್ಕೆ ಹಾಕುವ ದೂರದೃಷ್ಟಿಯೂ ಇರಲಿಲ್ಲ. ಯುದ್ಧ ಮುಗಿದು ನಾಲ್ಕೇ ವರ್ಷಕ್ಕೆ, 1949ರ ಜುಲೈ 27ರಂದು, ದೇಶದ ಅತಿ ದೊಡ್ಡ ಗಿರಣಿಗಳಲ್ಲಿ ಒಂದಾದ ಹಳಿ ಗಿರಣಿ ಕಾಮಗಾರರಿಗೆ ನೋಟೀಸು ಕೊಟ್ಟಿತು. ಆಗಸ್ಟ್ 27ಕ್ಕೆ ಬಾಗಿಲು ಹಾಕಿತು. ದುರಾಡಳಿತ ಮತ್ತು ನಿರ್ಲಕ್ಷ್ಯದಿಂದ ಉತ್ಪಾದನೆಗೆ ಧಕ್ಕೆಯಾಗಿದೆ, ಜನ ನಿರುದ್ಯೋಗಿಗಳಾಗಿದ್ದಾರೆ ಎಂದು ಹೇಳಿ ಸರ್ಕಾರ 1950ರ ಜನವರಿಯಲ್ಲಿ ಸುಗ್ರೀವಾಜ್ಞೆ ಹೊರಡಿಸಿ ಗಿರಣಿಯನ್ನು ವಹಿಸಿಕೊಂಡಿತು. ಒಬ್ಬ ಪಾಲುದಾರರು ಸುಪ್ರೀಂ ಕೋರ್ಟಿಗೆ ಹೋಗಿ 1950ರ ಡಿಸೆಂಬರಿನಲ್ಲಿ ಸೋತರು. ಇನ್ನೊಬ್ಬರು 1953ರ ಡಿಸೆಂಬರಿನಲ್ಲಿ ಗೆದ್ದರು. ಇಂಥ ತೀರ್ಪುಗಳನ್ನು ದಾಟಲು 1955ರಲ್ಲಿ ಸಂವಿಧಾನಕ್ಕೆ ನಾಲ್ಕನೆಯ ತಿದ್ದುಪಡಿ ಮಾಡಬೇಕಾಯಿತು. ನಮ್ಮ ಅಜ್ಜಂದಿರು ನೂಲು ತೆಗೆದ ಗಿರಣಿಯ ಹೆಸರು ಇಂದಿಗೂ ಕಾನೂನು ಕಲಿಯುವ ಹುಡುಗರ ಪುಸ್ತಕದಲ್ಲಿದೆ. ಪಾಲುದಾರರ ಹೆಸರೂ ಇದೆ. ನೂಲು ತೆಗೆದವರ ಹೆಸರಿಲ್ಲ.

ಸೊಲ್ಲಾಪುರ ತನ್ನವರನ್ನು ಮರೆಯುವ ಊರಲ್ಲ. 1931ರ ಜನವರಿ 12ರಂದು ಯರವಡಾ ಜೈಲಿನಲ್ಲಿ ಗಲ್ಲಿಗೇರಿದ ಮಲ್ಲಪ್ಪ ಧನಶೆಟ್ಟಿ, ಕುರ್ಬಾನ್ ಹುಸೇನ್, ಜಗನ್ನಾಥ ಶಿಂದೆ, ಶ್ರೀಕಿಸನ್ ಸಾರಡಾ ಅವರ ನೆನಪಿನ ಚೌಕವಿದೆ. ಚೀನದ ಯುದ್ಧಭೂಮಿಯಲ್ಲಿ ಗಾಯಾಳುಗಳ ಸೇವೆ ಮಾಡುತ್ತ 1942ರಲ್ಲಿ ಪ್ರಾಣ ಬಿಟ್ಟ ಡಾ. ದ್ವಾರಕಾನಾಥ ಕೋಟ್ನೀಸರ ಮನೆ ಸ್ಮಾರಕವಾಗಿದೆ. ನಾವೂ ಅಲ್ಲಿ ಕೈಮುಗಿದಿದ್ದೇವೆ. ಅದೇ 1942ರಲ್ಲಿ ಗಿರಣಿಯ ರಾತ್ರಿಪಾಳಿ ಮುಗಿಸಿ, ಮೈಯೆಲ್ಲ ಅರಳೆ ಮೆತ್ತಿಕೊಂಡು, ನಸುಕಿನ ಪ್ಯಾಸೆಂಜರಿಗೆ ಕಾದು ನಿಂತವನಿಗೆ ಒಂದು ವಹಿಯ ಪುಟವನ್ನಾದರೂ ಕೊಡುವ ಹೊಣೆ ಅವನ ಊರಿನದು, ಅವನ ಭಾಷೆಯದು. ಕರ್ನಾಟಕ–ಮಹಾರಾಷ್ಟ್ರ ಗಡಿಯ ಮಾತು ಬಂದಾಗಲೆಲ್ಲ ನಾವು 1967ರ ಮಹಾಜನ ವರದಿಯನ್ನು ಕೈಗೆತ್ತಿಕೊಳ್ಳುತ್ತೇವೆ. ಅದು ಸರಿ. ಹೊಟ್ಟೆಯ ಮಾತಿನ ಕಾಗದಗಳನ್ನೂ ಹಾಗೆಯೇ ಕೈಗೆತ್ತಿಕೊಳ್ಳೋಣ.

ನಮ್ಮ ಮನೆಯ ಟ್ರಂಕಿನಲ್ಲಿ ಒಂದು ಹಿತ್ತಾಳೆಯ ಬಿಲ್ಲೆ ಸಿಕ್ಕಿತು. ಅದರ ಮೇಲೆ ಬರೀ ಒಂದು ಸಂಖ್ಯೆ. ಯಾವ ಗಿರಣಿ, ಯಾವ ಖಾತೆ, ಯಾವ ಪಾಳಿ ಎಂದು ಹೇಳಬಲ್ಲವರು ಮನೆಯಲ್ಲಿ ಯಾರೂ ಉಳಿದಿಲ್ಲ. ಹತ್ತು ವರ್ಷ ಮೊದಲು ಕೇಳಿದ್ದರೆ ಅಜ್ಜಿ ಹೇಳುತ್ತಿದ್ದಳು. ಈ ಕರಪತ್ರ ಹುಟ್ಟಿದ್ದು ಆ ಬಿಲ್ಲೆಯಿಂದ. ಯುದ್ಧದ ವರ್ಷಗಳಲ್ಲಿ ಇಪ್ಪತ್ತರ ಪ್ರಾಯದಲ್ಲಿದ್ದವರು ಈಗ ನೂರರ ಮೇಲೆ. ಅವರ ಮಾತು ಕೇಳಿ ಬೆಳೆದ ಮಕ್ಕಳೂ ಎಂಬತ್ತರ ಹತ್ತಿರ ಇದ್ದಾರೆ. ಕಾಯಲು ಸಮಯವಿಲ್ಲ.

ಆದ್ದರಿಂದ ಬರುವ ರವಿವಾರ ಮುಂಜಾನೆ 10 ಗಂಟೆಗೆ ನಾಗಣಸೂರದ ಕನ್ನಡ ಶಾಲೆಯ ಅಂಗಳಕ್ಕೆ ಬನ್ನಿ. ತೂತಿನ ದುಡ್ಡು, ಗಿರಣಿಯ ಬಿಲ್ಲೆ, ಪಗಾರ ಚೀಟಿ, ಕಂಟ್ರೋಲಿನ ರೇಶನ್ ಕಾರ್ಡು, ಯೂನಿಯನ್ನಿನ ಪಾವತಿ, ಬೆಲೆ ಅಚ್ಚೊತ್ತಿದ ಬಟ್ಟೆಯ ತುಂಡು, ಹಳೆಯ ಫೋಟೊ, ಏನಿದ್ದರೂ ತನ್ನಿ. ಯಾವುದನ್ನೂ ನಾವು ಇಟ್ಟುಕೊಳ್ಳುವುದಿಲ್ಲ. ನಿಮ್ಮೆದುರಿಗೇ ಫೋಟೊ ತೆಗೆದು ನಿಮ್ಮ ಕೈಗೇ ಮರಳಿಸುತ್ತೇವೆ. ಏನೂ ಇಲ್ಲದಿದ್ದರೆ ಬರಿಗೈಯಲ್ಲಿ ಬನ್ನಿ, ನೆನಪು ಹೇಳಿ. ನಡೆಯಲಾಗದ ಹಿರಿಯರಿದ್ದರೆ ಮನೆ ಹೇಳಿ ಕಳಿಸಿ, ನಾವೇ ಬರುತ್ತೇವೆ. ಗುರುಗಳೇ, ಎಂಟು ಒಂಬತ್ತನೆಯ ತರಗತಿಯ ಮಕ್ಕಳನ್ನು ವಹಿ ಪೆನ್ನು ಸಹಿತ ಕಳಿಸಿಕೊಡಿ. ಅಜ್ಜಿ ಹೇಳಿದ್ದನ್ನು ಅಜ್ಜಿಯ ಮಾತಿನಲ್ಲಿಯೇ ಬರೆದುಕೊಳ್ಳಲಿ, ತಿದ್ದುವುದು ಬೇಡ. ತೆಲುಗಿನಲ್ಲಿ, ಮರಾಠಿಯಲ್ಲಿ, ಉರ್ದುವಿನಲ್ಲಿ ಹೇಳುವವರ ಮಾತನ್ನೂ ಬರೆದುಕೊಳ್ಳುತ್ತೇವೆ.

ಓದಿದ ಮೇಲೆ ಈ ಕಾಗದವನ್ನು ಮಡಚಿ ಇಡಬೇಡಿ, ಪಕ್ಕದ ಮನೆಗೆ ಕೊಡಿ. ರವಿವಾರ ತಪ್ಪದೆ ಬನ್ನಿ.

ಇಂತಿ ನಿಮ್ಮವರು,
ನಾಗಣಸೂರ ಮತ್ತು ಸುತ್ತಲಿನ ಹಳ್ಳಿಗಳ ಗಿರಣಿ ಕಾಮಗಾರರ ಮಕ್ಕಳು, ಮೊಮ್ಮಕ್ಕಳು