ಮಂದ್ರಧ್ವನಿಯ ಪೆಟ್ಟಿಗೆಗೆ ಮನೆಯಲ್ಲಿ ಸ್ಥಾನ

ಮಧುಗಿರಿ ಉಪವಿಭಾಗಕ್ಕೆ ಸೇರಿದ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳ ಮನೆಗಳಲ್ಲಿ ಟೆಲಿವಿಷನ್ನಿನ ಪಕ್ಕದಲ್ಲಿ ಎರಡು ಸ್ಪೀಕರುಗಳೂ, ಅವುಗಳ ಜೊತೆಗೆ ಸಬ್‌ವೂಫರ್ ಎಂಬ ಪೆಟ್ಟಿಗೆಯೂ ಕಾಣಬರುವುದು ಈಗ ಅಪೂರ್ವವಲ್ಲ. ಈ ಪೆಟ್ಟಿಗೆಗೆ ಬೇಕಾದ ಆಂಪ್ಲಿಫೈಯರು ಅದರೊಳಗೇ ಇರುವುದರಿಂದ ಅದಕ್ಕೆ ಬೇರೆಯಾಗಿ ವಿದ್ಯುತ್ತನ್ನು ಒದಗಿಸಬೇಕಾಗುತ್ತದೆ. ಕೊಂಡುತಂದವರಲ್ಲಿ ಅನೇಕರು ಅದನ್ನು ಮೂಲೆಗೆ ತಳ್ಳಿ, ತಿರುಪನ್ನು ಕೊನೆಯವರೆಗೆ ತಿರುಗಿಸಿ, ಕಿಟಕಿಯ ಗಾಜು ಅದುರಿದರೆ ಕೊಟ್ಟ ಹಣ ಸಾರ್ಥಕವಾಯಿತೆಂದು ತಿಳಿಯುತ್ತಾರೆ. ಇದು ಸರಿಯಾದ ಕ್ರಮವಲ್ಲವೆಂದು ನಮ್ಮ ಅಭಿಪ್ರಾಯ.

ಈ ಪೆಟ್ಟಿಗೆಯ ಕೆಲಸವೇನೆಂಬುದನ್ನು ಮೊದಲು ವಿಚಾರಿಸೋಣ. ಚಿಕ್ಕ ಸ್ಪೀಕರುಗಳು ಸೆಕೆಂಡಿಗೆ ಸುಮಾರು ೮೦ ಕಂಪನಗಳಿಗಿಂತ ಕೆಳಗಿನ ಸ್ವರಗಳನ್ನು ಚೆನ್ನಾಗಿ ನುಡಿಯಲಾರವು. ಹಾರ್ಮೋನಿಯಮ್ಮಿನ ಬಿಳಿ ಒಂದರ ಶ್ರುತಿಯಲ್ಲಿ ಹಾಡುವವರ ಮಧ್ಯಷಡ್ಜಕ್ಕೆ ಸುಮಾರು ೧೩೦ ಕಂಪನಗಳು. ಅವರ ತಂಬೂರಿಯ ಮಂದ್ರಷಡ್ಜದ ತಂತಿಗೆ ಅದರ ಅರ್ಧ, ಎಂದರೆ ೬೫. ಮೃದಂಗದ ಎಡಮುಖದ ಗುಂಕಾರವೂ, ಡೊಳ್ಳಿನ ಗಂಭೀರವಾದ ಪೆಟ್ಟೂ ಈ ತಗ್ಗಿನ ನೆಲೆಗೆ ಸೇರಿದುವೇ. ಅವುಗಳನ್ನು ಇದ್ದಷ್ಟೇ ಕೇಳಿಸುವುದು ಈ ಪೆಟ್ಟಿಗೆಯ ಧರ್ಮ. ಸಾರಿಗೆ ಹಾಕಿದ ಉಪ್ಪಿನಂತೆ, ಅದು ಇದೆಯೆಂದು ಪ್ರತ್ಯೇಕವಾಗಿ ತೋರಿದರೆ ಹೆಚ್ಚಾಯಿತೆಂದೇ ಅರ್ಥ.

ಒಂದೇ ಬಂಡೆಯ ಬೆಟ್ಟದ ಮಡಿಲಿನಲ್ಲಿರುವ ಮಧುಗಿರಿಯಿಂದ ಪಾವಗಡದವರೆಗೆ ಕಲ್ಲಿಗೆ ಬರವಿಲ್ಲ. ಕಲ್ಲಿನ ಗೋಡೆ, ಚಪ್ಪಡಿಯ ಮಾಳಿಗೆ, ಸಿಮೆಂಟಿನ ನೆಲ ಇವು ಮಂದ್ರಧ್ವನಿಯನ್ನು ಹೀರಿಕೊಳ್ಳದೆ ಹಿಂದಕ್ಕೆ ಕಳುಹಿಸುತ್ತವೆ. ೪೦ ಕಂಪನಗಳ ಸ್ವರದ ಅಲೆಯ ಉದ್ದ ಸುಮಾರು ೨೮ ಅಡಿ. ೧೪ ಅಡಿ ಉದ್ದದ ಹಜಾರದಲ್ಲಿ ಅದರ ಅರ್ಧವು ಸರಿಯಾಗಿ ಹೊಂದಿಕೊಳ್ಳುವುದರಿಂದ, ಆ ಸ್ವರವು ಎರಡು ಕೊನೆಯ ಗೋಡೆಗಳ ಬಳಿ ಉಬ್ಬಿ, ನಡುವೆ ಕುಗ್ಗಿಹೋಗುತ್ತದೆ. ಒಂದೇ ಹಾಡು ನಡುವೆ ಕುಳಿತ ಯಜಮಾನರಿಗೆ ಸಪ್ಪೆಯಾಗಿಯೂ, ಗೋಡೆಗೊರಗಿದ ಮಗನಿಗೆ ಗದ್ದಲವಾಗಿಯೂ ಕೇಳುವುದಕ್ಕೆ ಇದೇ ಕಾರಣ. ಜಮಖಾನವನ್ನು ಹಾಸಿದ ಮಾತ್ರಕ್ಕೆ ಈ ದೋಷವು ನೀಗದು.

ಆದುದರಿಂದ ಪೆಟ್ಟಿಗೆಗೆ ತಕ್ಕ ಸ್ಥಳವನ್ನು ಹುಡುಕತಕ್ಕದ್ದು. ಅದಕ್ಕೊಂದು ಸುಲಭೋಪಾಯವುಂಟು. ನಾವು ನಿತ್ಯವೂ ಕುಳಿತು ಕೇಳುವ ಕುರ್ಚಿಯ ಮೇಲೆ ಪೆಟ್ಟಿಗೆಯನ್ನೇ ಇಟ್ಟು, ಮಂದ್ರಸ್ವರಗಳು ಏರಿಳಿಯುತ್ತ ಬರುವ ಹಾಡೊಂದನ್ನು ನುಡಿಸಬೇಕು. ಬಳಿಕ ಗೋಡೆಯ ಅಂಚಿನಲ್ಲಿ ಅಂಬೆಗಾಲಿಡುತ್ತ ಕಿವಿಗೊಟ್ಟು, ಸ್ವರಗಳೆಲ್ಲ ಸಮನಾಗಿ ಕೇಳುವ ಸ್ಥಳವನ್ನು ಗುರುತಿಸಿ ಪೆಟ್ಟಿಗೆಯನ್ನು ಅಲ್ಲಿಗೆ ಸಾಗಿಸಬೇಕು. ಮನೆಯ ಮಕ್ಕಳು ನಕ್ಕರೆ ನಗಲಿ. ಅವರನ್ನೂ ಈ ಕೆಲಸಕ್ಕೆ ಸೇರಿಸಿಕೊಳ್ಳಬಹುದು.

ಇನ್ನು ತಿರುಪುಗಳ ವಿಷಯ. ಚಿಕ್ಕ ಸ್ಪೀಕರುಗಳು ಬಿಟ್ಟ ಸ್ವರಗಳನ್ನು ಪೆಟ್ಟಿಗೆಯು ಎತ್ತಿಕೊಳ್ಳುವ ಎಲ್ಲೆಯನ್ನು ಮೊದಲು ೮೦ಕ್ಕೆ ನಿಲ್ಲಿಸಬೇಕು. ಈ ವಿಭಾಗವನ್ನು ರಿಸೀವರೇ ಮಾಡುತ್ತಿದ್ದಲ್ಲಿ, ಪೆಟ್ಟಿಗೆಯ ಮೇಲಿನ ತಿರುಪನ್ನು ಗರಿಷ್ಠಕ್ಕೆ ಇಡತಕ್ಕದ್ದು. ಇಲ್ಲವಾದರೆ ಒಂದೇ ಧ್ವನಿಯನ್ನು ಎರಡು ಸಲ ಸೋಸಿದಂತಾಗುವುದು. ಫೇಸ್ ಎಂಬ ಗುಂಡಿಯನ್ನು ೦ ಮತ್ತು ೧೮೦ ಎರಡರಲ್ಲಿಯೂ ಇಟ್ಟು ನೋಡಿ, ಕುಳಿತಲ್ಲಿಗೆ ಧ್ವನಿಯು ಯಾವುದರಲ್ಲಿ ತುಂಬಿ ಬರುವುದೋ ಅದನ್ನು ಉಳಿಸಿಕೊಳ್ಳುವುದು. ಕೊನೆಗೆ ಧ್ವನಿಯ ಪ್ರಮಾಣವನ್ನು ಸೊನ್ನೆಯಿಂದ ಮೆಲ್ಲನೆ ಏರಿಸಿ, ಪೆಟ್ಟಿಗೆಯು ಬೇರೆಯಾಗಿ ಕೇಳತೊಡಗಿದೊಡನೆ ತುಸು ಹಿಂದಕ್ಕೆ ತಿರುಗಿಸಬೇಕು.

ತಂತಿಯನ್ನು ಜೋಡಿಸಿದೊಡನೆ 'ಗುಂಯ್' ಎಂಬ ನಾದವು ಎಡೆಬಿಡದೆ ಬರುವುದುಂಟು. ಸಾಧನಗಳು ಬೇರೆ ಬೇರೆ ಸಾಕೆಟ್ಟುಗಳಿಂದ ವಿದ್ಯುತ್ತನ್ನು ಪಡೆದಾಗ ಅರ್ಥಿಂಗಿನ ತಂತಿ ಮತ್ತು ಧ್ವನಿಯ ತಂತಿಗಳ ನಡುವೆ ಒಂದು ಸುತ್ತು ಏರ್ಪಟ್ಟು ಹೀಗಾಗುವುದು. ಎಲ್ಲವನ್ನೂ ಒಂದೇ ಬೋರ್ಡಿಗೆ ಸೇರಿಸಿದರೆ ಬಹುಮಟ್ಟಿಗೆ ಶಮನವಾಗುತ್ತದೆ. ಮೂರು ಪಿನ್ನಿನ ಪ್ಲಗ್ಗಿನಲ್ಲಿ ಅರ್ಥಿನ ದೊಡ್ಡ ಪಿನ್ನನ್ನು ಮುರಿದು ನಾದವನ್ನು ಅಡಗಿಸುವವರಿದ್ದಾರೆ. ಇದನ್ನು ಎಂದಿಗೂ ಮಾಡಕೂಡದು; ಒಳಗಿನ ತಂತಿಯು ಲೋಹಕ್ಕೆ ತಗುಲಿದ ದಿನ ಮುಟ್ಟಿದವರ ಪ್ರಾಣಕ್ಕೆ ಅಪಾಯ. ಪಾವಗಡ, ಶಿರಾ ಕಡೆಯ ಬೇಸಿಗೆಯಲ್ಲಿ ನೆಲವು ಒಣಗುವುದರಿಂದ ಅರ್ಥಿಂಗಿನ ಗುಂಡಿಗೆ ಆಗಾಗ ನೀರು ಹೊಯ್ಯುವುದನ್ನೂ, ಬಲ್ಲವರಿಂದ ಪರೀಕ್ಷೆ ಮಾಡಿಸುವುದನ್ನೂ ಮರೆಯಬಾರದು.

ಕಡೆಯದಾಗಿ ನೆರೆಹೊರೆಯ ಮಾತು. ೨೦೦೦ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಾಸದ ಬೀದಿಗಳಲ್ಲಿ ಹಗಲು ೫೫, ರಾತ್ರಿ ೧೦ರಿಂದ ಬೆಳಿಗ್ಗೆ ೬ರವರೆಗೆ ೪೫ ಡೆಸಿಬಲ್ ಮಿತಿ. ಆದರೆ ಆ ಅಳತೆಯು ೫೦ ಕಂಪನಗಳ ಸ್ವರವನ್ನು ಸುಮಾರು ೩೦ ಡೆಸಿಬಲ್‌ನಷ್ಟು ಕಡಿಮೆಯಾಗಿ ಎಣಿಸುತ್ತದೆ. ಯಂತ್ರವು ಒಪ್ಪಿದ ಮಾತ್ರಕ್ಕೆ ಪಕ್ಕದ ಮನೆಯವರ ಎದೆಯು ಒಪ್ಪಿತೆಂದು ತಿಳಿಯಬಾರದು. ಪೇಟೆಯ ಬೀದಿಗಳಲ್ಲಿ ಎರಡು ಮನೆಗಳಿಗೆ ಒಂದೇ ಗೋಡೆಯಿರುವುದುಂಟು. ಬಾಗಿಲು ಮುಚ್ಚಿದರೆ ಹಾಡಿನ ಮಾತು ನಿಲ್ಲಬಹುದು, ಮಂದ್ರದ ಗುದ್ದು ನಿಲ್ಲದು. ಗೋಡೆಯಾಚೆ ಪರೀಕ್ಷೆಗೆ ಓದುವ ಹುಡುಗಿಯೋ, ನಿದ್ದೆ ಬಾರದ ವೃದ್ಧರೋ ಇರಬಹುದು; ಅವರು ಸಂಕೋಚದಿಂದ ದೂರು ಹೇಳದೆಯೂ ಇರಬಹುದು. ಆದಕಾರಣ ಪೆಟ್ಟಿಗೆಯನ್ನು ಹಂಚಿಕೆಯ ಗೋಡೆಯಿಂದ ಆದಷ್ಟು ದೂರವಿಟ್ಟು, ಹಾಡು ನುಡಿಯುತ್ತಿರುವಾಗಲೇ ನೆರೆಯವರ ಮನೆಗೆ ಹೋಗಿ, ಅವರ ಹಜಾರದಲ್ಲಿ ಐದು ನಿಮಿಷ ಕುಳಿತು ಕೇಳಿ, ಅವರೊಡನೆ ಮಾತನಾಡಿ ಬಂದು ತಿರುಪನ್ನು ಗೊತ್ತುಮಾಡಿರೆಂದು ನಮ್ಮ ಗೃಹಸ್ಥರಲ್ಲಿ ವಿಜ್ಞಾಪಿಸುತ್ತೇವೆ.