58 ಡಿಗ್ರಿಯ ಹರಳುಮನೆ

ವಾಟ್ಸಾಪ್‌ನಲ್ಲಿ ಈ ಚಿತ್ರ ನಿಮಗೂ ಬಂದಿರುತ್ತೆ. ಕಿತ್ತಳೆ ಬಣ್ಣದ ಸೂಟು, ತಲೆಗೆ ಹೆಲ್ಮೆಟ್ಟು ಹಾಕಿಕೊಂಡ ಒಬ್ಬ ಮನುಷ್ಯ. ಅವನ ಸುತ್ತ ತೆಂಗಿನ ಮರಕ್ಕಿಂತ ದಪ್ಪನೆಯ ಬಿಳಿ ತೊಲೆಗಳು ಅಡ್ಡಾದಿಡ್ಡಿ ಚಾಚಿಕೊಂಡಿವೆ. ಆ ಮನುಷ್ಯ ಅವುಗಳ ಮಧ್ಯೆ ಇರುವೆ ಥರ ಕಾಣ್ತಾನೆ. ನಮ್ಮ ಆಫೀಸಿನ ಗ್ರೂಪಿನಲ್ಲಿ ಒಬ್ಬರು ‘ಇದು ಎಐ ಮಾಡಿದ್ದು’ ಅಂತ ತೀರ್ಪು ಕೊಟ್ಟೇಬಿಟ್ಟರು. ಅಲ್ಲ ಕಣ್ರೀ, ನಿಜವಾದ ಜಾಗ ಅದು. ಮೆಕ್ಸಿಕೋ ದೇಶದ ಚಿವಾವಾ ರಾಜ್ಯದಲ್ಲಿರುವ ನೈಕಾ ಅನ್ನುವ ಗಣಿ. ಆದರೆ ನೋಡಿ ಬರೋಣ ಅಂತ ಟಿಕೆಟ್ ಹುಡುಕಬೇಡಿ. ಯಾಕೆ ಅನ್ನೋದಕ್ಕೆ ಆಮೇಲೆ ಬರ್ತೀನಿ.

ನೈಕಾದಲ್ಲಿ ಜನ ಅಗೆಯುತ್ತಿದ್ದದ್ದು ಹರಳಿಗಾಗಿ ಅಲ್ಲ. ಬೆಳ್ಳಿ, ಸೀಸ, ಸತುವಿಗಾಗಿ. 1910ರಲ್ಲಿ ಸುಮಾರು 120 ಮೀಟರ್ ಆಳದಲ್ಲಿ ಕಾರ್ಮಿಕರಿಗೆ ಒಂದು ಗುಹೆ ಸಿಕ್ಕಿತು. ಗೋಡೆ ತುಂಬ ಕತ್ತಿಯಲಗಿನಂಥ ಹರಳುಗಳು, ಒಂದೊಂದು ಮೀಟರಿನಷ್ಟು ಉದ್ದ. ‘ಕತ್ತಿಗಳ ಗುಹೆ’ ಅಂತಲೇ ಅದಕ್ಕೆ ಹೆಸರಾಯಿತು. ಅಲ್ಲಿಂದ ಕಿತ್ತು ತಂದ ಹರಳುಗಳು ಎಷ್ಟೋ ಮ್ಯೂಸಿಯಂಗಳನ್ನು, ಸಂಗ್ರಾಹಕರ ಮನೆಗಳನ್ನು ಸೇರಿದವು. ನೈಕಾದ ದೊಡ್ಡ ವಿಷಯ ಅಷ್ಟೇ ಅಂತ ತೊಂಬತ್ತು ವರ್ಷ ಎಲ್ಲರೂ ಅಂದುಕೊಂಡಿದ್ದರು.

2000ದ ಏಪ್ರಿಲ್‌ನಲ್ಲಿ, ಸುಮಾರು 300 ಮೀಟರ್ ಆಳದಲ್ಲಿ ಹೊಸ ಸುರಂಗ ಕೊರೆಯುತ್ತಿದ್ದ ಇಬ್ಬರು ಕಾರ್ಮಿಕರು, ಅಣ್ಣ ತಮ್ಮಂದಿರು, ಬಂಡೆಯಾಚೆ ಒಂದು ಟೊಳ್ಳಿಗೆ ಬಂದು ನಿಂತರು. ಕಿಂಡಿಯಿಂದ ಮುಖಕ್ಕೆ ಹೊಡೆದದ್ದು ಇಡ್ಲಿ ಪಾತ್ರೆಯ ಮುಚ್ಚಳ ತೆಗೆದಾಗ ಬರುವಂಥ ಹಬೆ. ಒಳಗೆ ಟಾರ್ಚ್ ಬಿಟ್ಟರೆ ಆ ತೊಲೆಗಳು. ಅತಿ ಉದ್ದದ್ದು 11 ಮೀಟರಿಗೂ ಹೆಚ್ಚು. ಲೆಕ್ಕಕ್ಕೆ ಸುಲಭವಾಗಲಿ ಅಂತ ಹೇಳ್ತೀನಿ, ಮೂರು ಮಹಡಿ ಮನೆಯಷ್ಟು ಉದ್ದದ ಒಂದೇ ಒಂದು ಹರಳು.

ಅದು ಯಾವುದರ ಹರಳು ಗೊತ್ತಾ? ಜಿಪ್ಸಮ್! ನಿಮ್ಮ ಫ್ಲ್ಯಾಟಿನ ಫಾಲ್ಸ್ ಸೀಲಿಂಗ್‌ನಲ್ಲಿರುವುದು, ಸಿಮೆಂಟಿಗೆ ಬೆರೆಸುವುದು, ಪ್ಲಾಸ್ಟರ್ ಆಫ್ ಪ್ಯಾರಿಸ್ ಮಾಡುವುದು, ಎಲ್ಲ ಇದೇ ಖನಿಜ. ಕ್ಯಾಲ್ಸಿಯಂ ಸಲ್ಫೇಟ್, ಜೊತೆಗೆ ನೀರು. ಪಾರದರ್ಶಕವಾಗಿ, ಚೊಕ್ಕವಾಗಿ ಬೆಳೆದರೆ ಅದಕ್ಕೆ ಸೆಲೆನೈಟ್ ಅಂತಾರೆ. ಗ್ರೀಕರ ಚಂದ್ರನ ಹೆಸರು. ನನ್ನ ಮೇಜಿನ ಮೇಲೆ ಇದರದ್ದೊಂದು ಬೆರಳುದ್ದದ ಚೂರಿದೆ, ಉಗುರಲ್ಲಿ ಗೀರಿದರೆ ಗೆರೆ ಬೀಳುತ್ತೆ. ಅಷ್ಟು ಮೆದು. ಬೆಲೆಯೂ ಅಷ್ಟಕ್ಕಷ್ಟೇ. ವಜ್ರವಲ್ಲ, ಪಚ್ಚೆಯಲ್ಲ, ಗಾರೆ ಕೆಲಸದ ವಸ್ತು ಇಷ್ಟು ದೊಡ್ಡದಾಗಿ ಬೆಳೆದು ನಿಂತಿದೆ ಅನ್ನೋದೇ ನನಗೆ ಈ ಕಥೆಯಲ್ಲಿ ತುಂಬ ಇಷ್ಟವಾದ ಸಂಗತಿ.

ಬೆಳೆದದ್ದು ಹೇಗೆ ಅನ್ನೋದನ್ನ ಸ್ವಲ್ಪ ನಿಧಾನವಾಗಿ ನೋಡೋಣ. ನೈಕಾದ ಬೆಟ್ಟ ಸುಣ್ಣಕಲ್ಲಿನದು. ಸುಮಾರು 2.6 ಕೋಟಿ ವರ್ಷಗಳ ಹಿಂದೆ ಅದರ ಕೆಳಗೆ ಶಿಲಾಪಾಕ ನುಗ್ಗಿತು. ಅದರ ಕಾವಿಗೆ ಖನಿಜ ತುಂಬಿದ ಬಿಸಿನೀರು ಬಿರುಕುಗಳಲ್ಲಿ ಮೇಲೇರಿ ಬೆಳ್ಳಿ, ಸೀಸ, ಸತುವಿನ ಅದಿರನ್ನು ಬಿಟ್ಟುಹೋಯಿತು. ಜೊತೆಗೆ ಅನ್‌ಹೈಡ್ರೈಟ್ ಅನ್ನುವ ಖನಿಜವನ್ನೂ ಬಿಟ್ಟಿತು. ಇದೂ ಕ್ಯಾಲ್ಸಿಯಂ ಸಲ್ಫೇಟೇ, ಆದರೆ ನೀರಿಲ್ಲದ್ದು. ಜಿಪ್ಸಮ್‌ನ ಒಣ ಅಣ್ಣ ಅಂತ ಇಟ್ಟುಕೊಳ್ಳಿ.

ಈ ಅಣ್ಣ ತಮ್ಮಂದಿರ ಮಧ್ಯೆ ಒಂದು ಗಡಿ ಇದೆ, ಸುಮಾರು 58 ಡಿಗ್ರಿ ಸೆಲ್ಸಿಯಸ್. ಅದಕ್ಕಿಂತ ಬಿಸಿಯಾದ ನೀರಿನಲ್ಲಿ ಅನ್‌ಹೈಡ್ರೈಟ್ ನೆಮ್ಮದಿಯಾಗಿ ಇರುತ್ತೆ. ಅದಕ್ಕಿಂತ ತಣ್ಣಗಾದರೆ ನಿಧಾನವಾಗಿ ಕರಗಿ ನೀರಿಗೆ ಕ್ಯಾಲ್ಸಿಯಂ, ಸಲ್ಫೇಟ್ ಬಿಡುತ್ತೆ, ಅದೇ ನೀರಿನಿಂದ ಜಿಪ್ಸಮ್ ಹರಳುಗಟ್ಟುತ್ತೆ. ನೈಕಾದ ಆಳದ ಗುಹೆಯಲ್ಲಿ ಕೆಳಗಿನ ಶಿಲಾಪಾಕದ ಕಾವಿನಿಂದಾಗಿ ನೀರು ಈ ಗಡಿಗಿಂತ ಒಂದಿಷ್ಟೇ ಕೆಳಗೆ, ಲಕ್ಷಾಂತರ ವರ್ಷ, ಹೆಚ್ಚೂಕಡಿಮೆ ಅಲುಗಾಡದೆ ನಿಂತುಬಿಟ್ಟಿತು. ಸ್ಪೇನಿನ ಹರಳು ವಿಜ್ಞಾನಿ ಹ್ವಾನ್ ಮಾನುಯೆಲ್ ಗಾರ್ಸಿಯಾ ರೂಯಿಸ್ ಮತ್ತು ಸಂಗಡಿಗರು 2007ರಲ್ಲಿ ಈ ವಿವರಣೆ ಕೊಟ್ಟರು.

ಕಲ್ಲುಸಕ್ಕರೆ ಮಾಡುವುದನ್ನು ನೋಡಿದವರಿಗೆ ಇದು ಬೇಗ ಅರ್ಥವಾಗುತ್ತೆ. ಪಾಕವನ್ನು ಬೇಗ ಆರಿಸಿದರೆ ಪುಡಿಪುಡಿ ಸಕ್ಕರೆ, ನಿಧಾನಕ್ಕೆ ಬಿಟ್ಟರೆ ದಪ್ಪ ಹರಳು. ಮೇಲಿನ ಕತ್ತಿಗಳ ಗುಹೆ ಬೇಗ ತಣ್ಣಗಾಯಿತು, ಒಟ್ಟಿಗೆ ಸಾವಿರಾರು ಸಣ್ಣ ಹರಳು ಹುಟ್ಟಿಕೊಂಡವು. ಕೆಳಗಿನದು ತಣ್ಣಗಾಗಲೇ ಇಲ್ಲ ಅನ್ನುವಷ್ಟು ನಿಧಾನ. ಅಲ್ಲಿ ಹೊಸ ಹರಳು ಹುಟ್ಟುವುದೇ ಅಪರೂಪ, ಹುಟ್ಟಿದ ಕೆಲವಕ್ಕೇ ಇದ್ದಬದ್ದ ಊಟವೆಲ್ಲ.

ಎಷ್ಟು ನಿಧಾನ? ಗಾರ್ಸಿಯಾ ರೂಯಿಸ್ ತಂಡ ಜಪಾನಿನ ತೊಹೊಕು ವಿಶ್ವವಿದ್ಯಾಲಯದವರ ಜೊತೆ ಸೇರಿ ನೈಕಾದ್ದೇ ನೀರನ್ನು ಪ್ರಯೋಗಾಲಯಕ್ಕೆ ತಂದು ಅಳೆಯಿತು. 2011ರಲ್ಲಿ ಪ್ರಕಟವಾದ ಆ ಲೆಕ್ಕದ ಪ್ರಕಾರ 55 ಡಿಗ್ರಿಯಲ್ಲಿ ಹರಳು ಒಂದು ತಲೆಕೂದಲಿನಷ್ಟು ದಪ್ಪವಾಗಲು ಹೆಚ್ಚೂಕಡಿಮೆ ನೂರು ವರ್ಷ ಬೇಕು. ಒಂದು ಮೀಟರ್ ದಪ್ಪಕ್ಕೆ ಸುಮಾರು ಹತ್ತು ಲಕ್ಷ ವರ್ಷ. ಬೇರೆ ವಿಧಾನದಲ್ಲಿ ಲೆಕ್ಕ ಹಾಕಿದವರು ಇದಕ್ಕಿಂತ ಕಡಿಮೆ ಹೇಳ್ತಾರೆ, ಆದರೆ ಅದೂ ಲಕ್ಷಗಳಲ್ಲೇ.

ಇನ್ನು ಆ ಸೂಟಿನ ವಿಷಯ. ಗುಹೆಯ ಗಾಳಿ 45ರಿಂದ 58 ಡಿಗ್ರಿವರೆಗೂ ಏರುತ್ತಿತ್ತು. ‘ಕಲಬುರಗಿಯಲ್ಲಿ 44 ಸಹಿಸ್ತೀವಿ, ಇದೇನ್ ಮಹಾ’ ಅನ್ನಬೇಡಿ. ಕಲಬುರಗಿಯ ಬಿಸಿಲು ಒಣ ಬಿಸಿಲು, ಬೆವರು ಆರುತ್ತೆ, ಮೈ ತಣ್ಣಗಾಗುತ್ತೆ. ಇಲ್ಲಿ ತೇವಾಂಶ ನೂರರ ಹತ್ತಿರ. ಮೇ ತಿಂಗಳ ಮಂಗಳೂರಿನ ಸೆಖೆಗೆ ಇನ್ನೂ ಇಪ್ಪತ್ತು ಡಿಗ್ರಿ ಸೇರಿಸಿ ನೋಡಿ. ಬೆವರು ಆರುವುದೇ ಇಲ್ಲ. ಅದಕ್ಕಿಂತ ಭಯ ಹುಟ್ಟಿಸುವ ಸಂಗತಿ, ಆ ಕೋಣೆಯಲ್ಲಿ ಎಲ್ಲಕ್ಕಿಂತ ತಣ್ಣಗಿರುವ ಜಾಗ ಅಂದರೆ ನಿಮ್ಮ ಶ್ವಾಸಕೋಶ. ಉಸಿರಿನ ಜೊತೆ ಹೋದ ಹಬೆ ಅಲ್ಲೇ ನೀರಾಗಲು ಶುರುವಾಗುತ್ತೆ. ಬರಿಮೈಯಲ್ಲಿ ಹೋದವರಿಗೆ ಸಿಗುತ್ತಿದ್ದ ಸಮಯ ಹತ್ತು ನಿಮಿಷದ ಆಸುಪಾಸು. 2006ರಿಂದ ಇಟಲಿಯ ಲಾ ವೆಂತಾ ಎಂಬ ಗುಹಾನ್ವೇಷಕರ ತಂಡ ಮಂಜುಗಡ್ಡೆ ತುಂಬಿದ ಸೂಟುಗಳನ್ನು, ತಣ್ಣನೆಯ ಗಾಳಿ ಕೊಡುವ ಮುಖವಾಡಗಳನ್ನು ಮಾಡಿಸಿಕೊಂಡಿತು. ಆಗ ಅರ್ಧ ಗಂಟೆ, ಅದಕ್ಕಿಂತ ಸ್ವಲ್ಪ ಹೆಚ್ಚು ಹೊತ್ತು ಒಳಗಿರುವುದು ಸಾಧ್ಯವಾಯಿತು. ನಾವು ಫಾರ್ವರ್ಡ್ ಮಾಡುವ ಫೋಟೋಗಳೆಲ್ಲ ಇಷ್ಟು ಪಾಡುಪಟ್ಟು ತೆಗೆದವು.

2017ರ ಫೆಬ್ರವರಿಯಲ್ಲಿ ನಾಸಾದ ಪೆನೆಲೋಪ್ ಬಾಸ್ಟನ್ ಇನ್ನೊಂದು ಸುದ್ದಿ ಹೇಳಿದರು. ಹರಳಿನೊಳಗೆ ಸಿಕ್ಕಿಕೊಂಡಿದ್ದ ನೀರಿನ ಹನಿಗಳಿಂದ ತೆಗೆದ ಸೂಕ್ಷ್ಮಜೀವಿಗಳು ಪ್ರಯೋಗಾಲಯದಲ್ಲಿ ಎಚ್ಚರಗೊಂಡವು, ಅವು 10 ಸಾವಿರದಿಂದ 50 ಸಾವಿರ ವರ್ಷ ಅಲ್ಲಿ ಬಂದಿಯಾಗಿದ್ದಿರಬಹುದು ಅಂತ. ಪತ್ರಿಕೆಗಳು ಹಬ್ಬ ಮಾಡಿದವು. ಆದರೆ ಅದನ್ನು ಹೇಳಿದ್ದು ಒಂದು ಸಮ್ಮೇಳನದಲ್ಲಿ, ಆಗಿನ್ನೂ ಬೇರೆ ವಿಜ್ಞಾನಿಗಳು ಪರಿಶೀಲಿಸಿದ ಪ್ರಬಂಧವಾಗಿರಲಿಲ್ಲ. ಹರಳು ಕೊರೆಯುವಾಗ ಹೊರಗಿನ ಜೀವಿಗಳು ಸೇರಿಕೊಂಡಿರಬಹುದಲ್ವಾ ಅಂತ ಕೇಳಿದವರೂ ಇದ್ದರು. ನಾನಂತೂ ಇದನ್ನು ‘ಇರಬಹುದು’ ಅನ್ನುವ ಡಬ್ಬದಲ್ಲೇ ಇಟ್ಟಿದ್ದೀನಿ.

ಈಗ ಟಿಕೆಟ್ ಯಾಕೆ ಬೇಡ ಅನ್ನುವುದು. ಆ ಗುಹೆ ಲಕ್ಷಾಂತರ ವರ್ಷ ನೀರಿನಲ್ಲೇ ಮುಳುಗಿತ್ತು. ಹೊರಬಂದದ್ದು ಗಣಿಯ ಪಂಪುಗಳಿಂದ. ಅದಿರು ತೆಗೆಯಲು ನಿಮಿಷಕ್ಕೆ ಹತ್ತಾರು ಸಾವಿರ ಲೀಟರ್ ನೀರನ್ನು ಹಗಲೂರಾತ್ರಿ ಎತ್ತಿ ಹೊರಗೆ ಸುರಿಯುತ್ತಿದ್ದರು. 1985ರ ಸುಮಾರಿಗೆ ನೀರಿನ ಮಟ್ಟ ಗುಹೆಗಿಂತ ಕೆಳಗಿಳಿಯಿತು. ಅಂದರೆ ಆ ಹರಳುಗಳ ಬೆಳವಣಿಗೆ ನಿಂತದ್ದು ನಿಮ್ಮಲ್ಲಿ ಕೆಲವರು ಹುಟ್ಟುವ ಸ್ವಲ್ಪ ಮುಂಚೆ. 2015ರಲ್ಲಿ ಗಣಿಯೊಳಗೆ ಅಂಕೆ ಮೀರಿ ನೀರು ನುಗ್ಗಿ ಕೆಲಸ ನಿಂತಿತು. ಬೆಳ್ಳಿ, ಸತುವು ಇಲ್ಲದ ಮೇಲೆ ಪಂಪಿನ ಕರೆಂಟ್ ಬಿಲ್ ಯಾರು ಕಟ್ಟಬೇಕು? ಗುಹೆ ಮತ್ತೆ ಮುಳುಗಿತು.

‘ಜಗತ್ತಿನ ಅದ್ಭುತವನ್ನು ಮುಳುಗಲು ಬಿಟ್ಟರಲ್ಲ, ಛೆ’ ಅಂತ ಬಹಳ ಜನ ಬರೆದರು. ನನಗೆ ಪೂರ್ತಿ ಹಾಗನ್ನಿಸುವುದಿಲ್ಲ. ಜಿಪ್ಸಮ್ ನೀರಿಗಿಂತ 2.3 ಪಟ್ಟು ಭಾರ. ಹಾಗಾಗಿ ನೀರಿನೊಳಗೆ ಆ ತೊಲೆಗಳ ತೂಕದಲ್ಲಿ ಶೇ. 40ಕ್ಕೂ ಹೆಚ್ಚನ್ನು ನೀರೇ ಹೊತ್ತಿತ್ತು. ನೀರು ತೆಗೆದ ಮೇಲೆ ಉಗುರಿಗೆ ಗೀರು ಬೀಳುವ ಕಲ್ಲು ತನ್ನ ಪೂರ್ತಿ ತೂಕವನ್ನು ತಾನೇ ಹೊರಬೇಕಾಯಿತು. ಜೊತೆಗೆ ಗಾಳಿ, ನಮ್ಮ ಉಸಿರು, ಬೂಟಿನ ಧೂಳು. ಕಂಪನಿ ಕಬ್ಬಿಣದ ಬಾಗಿಲು ಹಾಕಿ ಬೀಗ ಜಡಿದಿತ್ತು, ಆದರೂ ಒಂದು ದೊಡ್ಡ ಹರಳಿನ ಮೇಲೆ ಯಾರೋ ಕತ್ತರಿಸಲು ನೋಡಿದ ಗಾಯದ ಗುರುತಿತ್ತು. ಟೂರಿಸ್ಟ್ ಜಾಗ ಮಾಡಿ, ಲಿಫ್ಟ್ ಇಟ್ಟು, ಸೆಲ್ಫಿ ಪಾಯಿಂಟ್ ಕಟ್ಟಿದ್ದರೆ ಏನಾಗುತ್ತಿತ್ತು, ನೀವೇ ಊಹಿಸಿ. ನಷ್ಟವಾದದ್ದು ವಿಜ್ಞಾನಿಗಳಿಗೆ. ಅವರು ಅಳೆಯಬೇಕಾದ್ದು ಇನ್ನೂ ಬೇಕಾದಷ್ಟಿತ್ತು, ಸಿಕ್ಕಿದ್ದು ಹದಿನೈದೇ ವರ್ಷ, ಅದೂ ಅರ್ಧರ್ಧ ಗಂಟೆಯ ಲೆಕ್ಕದಲ್ಲಿ.

ಕಣ್ಣಾರೆ ನೋಡಲೇಬೇಕು ಅನ್ನುವವರಿಗೆ ಸ್ಪೇನಿನಲ್ಲಿ ದಾರಿ ಇದೆ. ಅಲ್ಮೇರಿಯಾ ಪ್ರಾಂತ್ಯದ ಪುಲ್ಪಿ ಎಂಬ ಊರಿನ ಹಳೆಯ ಗಣಿಯೊಂದರಲ್ಲಿ 1999ರ ಕೊನೆಗೆ ಮೊಟ್ಟೆಯಾಕಾರದ ಒಂದು ಹರಳುಗೂಡು ಸಿಕ್ಕಿತು. ಎಂಟು ಮೀಟರ್ ಉದ್ದ, ಒಳಗೆ ಎರಡು ಮೀಟರಿನವರೆಗಿನ ಜಿಪ್ಸಮ್ ಹರಳುಗಳು, ಗಾಜಿನಷ್ಟು ತಿಳಿ. ಸೆಖೆಯಿಲ್ಲ, ಮಂಜುಗಡ್ಡೆಯ ಸೂಟು ಬೇಡ. ಕಳ್ಳರಿಂದ ಕಾಪಾಡಲು ಮೊದಲು ಸುರಂಗದ ಬಾಯಿಗೆ ಕಲ್ಲು ತುಂಬಿ ಮುಚ್ಚಿಟ್ಟಿದ್ದರು. 2019ರಲ್ಲಿ ಜನರಿಗೆ ತೆರೆದರು, ಸಣ್ಣಸಣ್ಣ ಗುಂಪುಗಳಲ್ಲಿ ಬಿಡ್ತಾರೆ. ಗೂಡಿನ ಕಿಂಡಿಯಲ್ಲಿ ತಲೆ ತೂರಿಸಿ ನೋಡಬಹುದು, ಒಳಗೆ ಇಳಿಯುವಂತಿಲ್ಲ.